ಹೊಳೆ ಸಾಹೇಬರು ಎದ್ದು ಹೋದ ಜಾಗ

ಬೇವಿನ ಸೊಪ್ಪು

ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆ ತೆರೆಸಿದ ಹೆಂಗಸು ಚಟ್ನಿಪುಡಿಯ ತಂಟೆಗೆ ಹೋಗಲಿಲ್ಲ, ಹುಣಸೆ ತೊಕ್ಕನ್ನೂ ಮುಟ್ಟಲಿಲ್ಲ. ಬಟ್ಟೆಗಳ ಅಡಿಯಲ್ಲಿದ್ದ ಸ್ವರಲಿಪಿಯ ಕಟ್ಟನ್ನು ಮಾತ್ರ ಹಿಡಿದುಕೊಂಡಳು. ಒಂದೊಂದು ಹಾಳೆಯ ನಡುವೆಯೂ ಒಣಗಿದ ಬೇವಿನ ಸೊಪ್ಪು ಇಟ್ಟಿದ್ದೆ. ಯಾಕೆ ಎಂದು ಕೇಳಿದಳು. ಹುಳಕ್ಕೆ, ಎಂದೆ. ಹುಳ ಎಂಬ ಮಾತು ಕೇಳಿದ್ದೇ ಕೈಗೆ ರಬ್ಬರ್ ಗವಸು ಹಾಕಿಕೊಂಡು ಒಂದೊಂದೇ ಎಲೆ ಹೆಕ್ಕಿ ಚೀಲಕ್ಕೆ ತುಂಬಿದಳು. ಎಂಥ ಹುಳ ಎಂದು ಕೇಳಿದ್ದಕ್ಕೆ, ಸಂಗೀತ ತಿನ್ನುವ ಹುಳ ಎಂದೆ. ಅವಳು ನಗಲಿಲ್ಲ. ನಗುವ ಸ್ಥಿತಿಯಲ್ಲಿ ನಾನೂ ಇರಲಿಲ್ಲ. ಜೇಬಿನಲ್ಲಿದ್ದ ಇಂಕ್ ಪೆನ್ನು ವಿಮಾನದಲ್ಲಿ ಕಕ್ಕಿಕೊಂಡು ಬಿಳಿ ಷರಟಿನ ಎದೆಯ ಮೇಲೆ ಅಂಗೈಯಗಲ ನೀಲಿ ಕಲೆ ಮಾಡಿತ್ತು. ಅರವತ್ತೇಳನೇ ವಯಸ್ಸಿನಲ್ಲಿ ಹೀಗೆ ಪರದೇಶ ಪ್ರವೇಶವಾಯಿತು.

ಊರಿಗೆ ಮರಳಿದ ಮೇಲೆ ಎಲ್ಲರೂ ಹಾಲಿವುಡ್ ನೋಡಿದಿರಾ ಎಂದು ಕೇಳಿದರು. ಇಲ್ಲ. ನಾನು ಹೋದದ್ದು ಒಂದು ತಪ್ಪನ್ನು ಒಪ್ಪಿಕೊಳ್ಳುವುದಕ್ಕೆ. ಸುಮಾರು ನಲವತ್ತೈದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ತಪ್ಪು.

ಮೈಸೂರು ಅರಮನೆಯ ಇಂಗ್ಲಿಷ್ ಬ್ಯಾಂಡಿನಲ್ಲಿ ನಾನು ಎರಡನೇ ಸಾಲಿನ ಪಿಟೀಲಿನವನು. ನನ್ನ ಅಕ್ಷರ ದುಂಡಗಿದ್ದದ್ದರಿಂದ ಸ್ವರಲಿಪಿ ನಕಲು ಮಾಡುವ ಕೆಲಸವೂ ನನ್ನದೇ. ಗೌಸ್ ಪಿಯಾನೋ ನುಡಿಸುತ್ತಿದ್ದ. ನಮಗಿಬ್ಬರಿಗೂ ಇಪ್ಪತ್ತರ ಆಸುಪಾಸು. ಒಂದೇ ಸೈಕಲ್ಲು, ಒಂದೇ ಸಿಗರೇಟು. ವಿದೇಶದಿಂದ ಕಟ್ಟುಕಟ್ಟಾಗಿ ಬರುತ್ತಿದ್ದ ಸಂಗೀತದ ಪುಸ್ತಕಗಳಲ್ಲಿ ಒಬ್ಬ ಜರ್ಮನ್ ಸಂಗೀತಗಾರನ ಮೇಲೆ ಗೌಸನಿಗೆ ಹುಚ್ಚು ಹತ್ತಿತು. ಹೆಸರು ನಮ್ಮ ನಾಲಿಗೆಗೆ ಸರಿಯಾಗಿ ಹೊರಳದ ಕಾರಣ ಅವನು ‘ಹೊಳೆ ಸಾಹೇಬರು’ ಎಂದು ಕರೆದ. ಆಮೇಲೆ ಬ್ಯಾಂಡಿನಲ್ಲೆಲ್ಲ ಅದೇ ಹೆಸರು ನಿಂತಿತು.

ಅವರ ಕತೆಯನ್ನು ಬ್ಯಾಂಡ್ ಮಾಸ್ಟರು ನಮಗೆ ತುಂಡು ತುಂಡಾಗಿ ಹೇಳಿದ್ದರು. ಹರೆಯದಲ್ಲಿ ಬೆರಳಿಗೆ ಬಲ ಬರಲೆಂದು ಏನೋ ಯಂತ್ರ ಕಟ್ಟಿಕೊಂಡು ಬೆರಳನ್ನೇ ಕೆಡಿಸಿಕೊಂಡರಂತೆ. ನುಡಿಸುವುದು ತಪ್ಪಿತು, ಬರೆಯುವುದು ಉಳಿಯಿತು. ನುಡಿಸುವ ಕೆಲಸ ಹೆಂಡತಿಯದಾಯಿತು, ಆಕೆ ಊರೂರಿಗೆ ಹೆಸರಾದ ಪಿಯಾನೋ ವಾದಕಿ. ನಡುವಯಸ್ಸು ಮುಟ್ಟುತ್ತಿದ್ದಂತೆ ಕಿವಿಯೊಳಗೆ ಸಂಗೀತ ಕೇಳತೊಡಗಿತು. ಒಂದು ರಾತ್ರಿ ದೇವತೆಗಳು ಒಂದು ರಾಗ ಹೇಳಿಕೊಟ್ಟರೆಂದು ಎದ್ದು ಬರೆದುಕೊಂಡರು. ಅದು ಅವರದೇ ಹಳೆಯ ರಾಗ ಎಂಬುದು ಅವರಿಗೆ ನೆನಪಿರಲಿಲ್ಲ. ಅದನ್ನು ಬೇರೆ ಬೇರೆ ರೀತಿ ಹಿಗ್ಗಿಸಿ ಬರೆದು, ಶುದ್ಧಪ್ರತಿ ಮಾಡುತ್ತ ಕೂತಿದ್ದಾಗ ಅರ್ಧಕ್ಕೇ ಎದ್ದು, ಮನೆಯ ಉಡುಪಿನಲ್ಲೇ ಮಳೆಗೆ ಹೊರಟರು. ಸೇತುವೆಯ ಸುಂಕಕ್ಕೆ ಜೇಬಿನಲ್ಲಿ ಏನೂ ಇರದೆ ರೇಷ್ಮೆ ಕರವಸ್ತ್ರ ಕೊಟ್ಟು ಮುಂದೆ ಹೋಗಿ ಹೊಳೆಗೆ ಹಾರಿದರಂತೆ. ದೋಣಿಯವರು ಎಳೆದು ಹಾಕಿದರು. ಮರುದಿನ ಕೂತು ಮಿಕ್ಕ ನಕಲು ಮುಗಿಸಿದರು. ಆಮೇಲೆ ಹುಚ್ಚಾಸ್ಪತ್ರೆ, ಅಲ್ಲೇ ಸಾವು.

ನಾನು ನಕಲುಗಾರ. ಬದುಕಿ ಬಂದವನು ಮೊದಲು ಮಾಡಿದ ಕೆಲಸ ನಕಲು ಮುಗಿಸಿದ್ದು ಎಂದು ಕೇಳಿದಾಗ ನನಗೆ ಮೈ ಜುಮ್ಮೆಂದಿತ್ತು.

ಆ ಕೊನೆಯ ಕೃತಿಯನ್ನು ಗೌಸನಿಗಾಗಿ ನಕಲು ಮಾಡಿದವನು ನಾನೇ. ಅರಮನೆಯ ಪುಸ್ತಕವನ್ನು ಮನೆಗೆ ಒಯ್ಯುವಂತಿರಲಿಲ್ಲ. ಕೊನೆಯ ಹಾಳೆಗೆ ಬಂದಾಗ ನೋಡುತ್ತೇನೆ, ಹುಳ ತಿಂದು ತೂತಾಗಿದೆ. ಹಾಳೆಯ ಹಿಂಬದಿ ಖಾಲಿ, ಹಾಗಾಗಿ ನಷ್ಟವಾದದ್ದು ಎರಡೇ ಬಾರ್. ಬಾರ್ ಅಂದರೆ ಎರಡು ನಿಂತ ಗೆರೆಗಳ ನಡುವೆ ಸ್ವರಗಳು ಕೂರುವ ಮನೆ. ಬೀರುವಿನಲ್ಲಿ ತಿಂಗಳಿಗೊಮ್ಮೆ ಬೇವಿನ ಸೊಪ್ಪು ಬದಲಾಯಿಸುವುದು ನನ್ನ ಜವಾಬ್ದಾರಿ. ಆಗಷ್ಟೇ ಮದುವೆಯಾಗಿತ್ತು, ಸಂಜೆಯಾದರೆ ಮನೆಗೆ ಓಡುತ್ತಿದ್ದೆ. ಮೂರು ತಿಂಗಳು ಸೊಪ್ಪು ಬದಲಾಯಿಸಿರಲಿಲ್ಲ. ತೂತು ಇದೆ ಎಂದರೆ ನನ್ನ ಕೆಲಸಕ್ಕೇ ಕುತ್ತು. ನಕಲಿನಲ್ಲಿ ಆ ಎರಡು ಮನೆಗಳಿಗೆ ಮೌನದ ಗುರುತು ಬರೆದುಬಿಟ್ಟೆ. ಆಮೇಲೆ ಸರಿಮಾಡಿದರಾಯಿತು ಅಂದುಕೊಂಡೆ. ಮಾಸ್ಟರು ಕಾಯಿಲೆಯೆಂದು ತಮ್ಮ ದೇಶಕ್ಕೆ ಹೋದರು, ಬ್ಯಾಂಡು ಕರಗಿತು, ಪುಸ್ತಕಗಳು ಎಲ್ಲಿ ಹೋದವೋ.

ಗೌಸ್ ಮೊದಲ ಸಲ ನುಡಿಸಿ ಆ ಮೌನದಲ್ಲಿ ಎರಡೂ ಕೈ ಎತ್ತಿ ಹಿಡಿದ. ಕಣ್ಣಲ್ಲಿ ನೀರು. “ಶೀನಿ, ಇಲ್ಲೇ ಕಣೋ ಅವರು ಎದ್ದು ಹೋಗಿದ್ದು,” ಅಂದ. ನನ್ನ ಬಾಯಿ ಅಲ್ಲಿಗೆ ಕಟ್ಟಿತು.

ಅಲ್ಲಿಗೇ ನಿಂತಿದ್ದರೆ ಇದು ತಮಾಷೆಯ ಕತೆಯಾಗುತ್ತಿತ್ತು. ಗೌಸ್ ಅದೇ ಕೃತಿಯನ್ನು ಡಿಪ್ಲೊಮಾ ಪರೀಕ್ಷೆಗೆ ನುಡಿಸಿದ. ಪರೀಕ್ಷಕರು ಇಂಗ್ಲೆಂಡಿನಿಂದ ಬೆಂಗಳೂರಿಗೆ ಬಂದಿದ್ದರು. ಪುಟ ತಿರುಗಿಸಲು ನಾನು ಪಕ್ಕದಲ್ಲೇ ನಿಂತಿದ್ದೆ. ಎರಡು ಬಾರ್ ಎಲ್ಲಿ ಹೋದವು ಎಂದು ಕೇಳಿದರು. “ಹೊಳೆಗೆ ಹೋದವು ಸಾರ್,” ಅಂದ ಗೌಸ್. ಫೇಲಾದ. ಮತ್ತೆ ಪರೀಕ್ಷೆಗೆ ಕೂರಲೇ ಇಲ್ಲ. ಮಂಡಿ ಮೊಹಲ್ಲಾದಲ್ಲಿ ಟೈಪಿಂಗ್ ಇನ್ಸ್ಟಿಟ್ಯೂಟ್ ಇಟ್ಟು ಮೂವತ್ತು ವರ್ಷ ಹುಡುಗ ಹುಡುಗಿಯರಿಗೆ ಎ ಎಸ್ ಡಿ ಎಫ್ ಕಲಿಸಿದ. ಆ ಬೆರಳುಗಳಿಗೆ ಆ ಗತಿ ಬಂತು.

ಈಗ ಅವನು ಸ್ಯಾನ್ ಡಿಯಾಗೋದಲ್ಲಿ ಮಗಳ ಮನೆಯಲ್ಲಿದ್ದ. ಬಲಭಾಗಕ್ಕೆ ಲಕ್ವ ಹೊಡೆದಿತ್ತು. ಮಗಳ ಕೈಲಿ ಬರೆಸಿದ ಕಾಗದ ಬಂತು. ಮೊಮ್ಮಗಳಿಗೆ ಅದೇ ಕೃತಿ ಹೇಳಿಕೊಟ್ಟಿದ್ದಾನಂತೆ, ಜೂನ್ ತಿಂಗಳ ಒಂದು ಶನಿವಾರ ಜನರೆದುರು ನುಡಿಸಬೇಕಂತೆ, ಅವಳ ಟೀಚರು ಆ ಮೌನ ತಪ್ಪು ಎನ್ನುತ್ತಾರಂತೆ. “ಅವರ ಪುಸ್ತಕ ಆಮೇಲಿನದು. ಮೌನ ತಡೆಯಲಾರದ ಯಾರೋ ಸ್ವರ ತುಂಬಿದ್ದಾರೆ. ಮೂಲ ಪುಸ್ತಕ ಕಣ್ಣಾರೆ ಕಂಡವನು ನೀನೊಬ್ಬನೇ. ಬಂದು ಸಾಕ್ಷಿ ಹೇಳು.”

ಡೈಮಂಡ್ ಬಾರ್

ನನ್ನ ತಂಗಿಯ ಮಗಳು ವತ್ಸಲಾ ಗಂಡನೊಂದಿಗೆ ಡೈಮಂಡ್ ಬಾರ್ ಎಂಬ ಊರಿನ ಗುಡ್ಡದ ಮೇಲೆ ಇರುತ್ತಾಳೆ. ಗಂಡ ಮಾಧವ ಉಡುಪಿಯವನು. ಕ್ಯಾಲಿಫೋರ್ನಿಯಾ ಎಂದರೆ ಬಿಸಿಲು ಎಂದು ಎಲ್ಲರೂ ಹೇಳಿ ಕಳಿಸಿದ್ದರು. ಜೂನ್ ತಿಂಗಳಲ್ಲಿ ಆಕಾಶ ಒದ್ದೆ ಕಂಬಳಿ ಹೊದ್ದು ಕೂತಿತ್ತು. ಸಮುದ್ರದ ಕಡೆಯಿಂದ ಬರುವ ಮೋಡವಂತೆ. ಮಳೆಯೂ ಬರುವುದಿಲ್ಲ, ಬಿಸಿಲೂ ಬೀಳುವುದಿಲ್ಲ. ನನ್ನ ಮನಸ್ಸಿಗೆ ಅದೇ ಸರಿಹೋಯಿತು.

ಬೆಳಿಗ್ಗೆ ಪಂಚೆಯುಟ್ಟು ವಾಕಿಂಗ್ ಹೊರಟೆ. ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ನಮ್ಮಲ್ಲಿ ಒಂದು ಬೀದಿ ದಾಟುವಷ್ಟರಲ್ಲಿ ಮೂರು ಜನ ನಿಲ್ಲಿಸಿ ಮಗನ ಮದುವೆ, ಮಂಡಿ ನೋವು, ಎಲ್ಲ ಕೇಳುತ್ತಾರೆ. ಇಲ್ಲಿ ಮನೆಗಳಿಗೆ ಕಾರಿನ ಬಾಗಿಲೇ ಹೆಬ್ಬಾಗಿಲು. ಒಂದು ಹುಲ್ಲುಹಾಸಿನ ಪಕ್ಕ ನಿಂತು ನೋಡುತ್ತಿದ್ದಾಗ ನೆಲದೊಳಗಿಂದ ಏನೋ ಬುಸ್ಸೆಂದು ಎದ್ದು ಸುತ್ತಲೂ ನೀರು ಉಗಿಯಿತು, ಹುಲ್ಲಿಗೆ ನೀರುಣಿಸುವ ಯಂತ್ರವಂತೆ. ಸೊಂಟದ ಕೆಳಗೆ ಪೂರಾ ಒದ್ದೆ. ಎದುರು ಮನೆಯ ಚೀನೀ ಮುದುಕರೊಬ್ಬರು ಓಡಿ ಬಂದು, ಅವರ ನೀರಲ್ಲದಿದ್ದರೂ, ಎರಡು ಸಲ ಬಾಗಿ ಕ್ಷಮೆ ಕೇಳಿದರು. ತನ್ನದಲ್ಲದ ತಪ್ಪಿಗೆ ಎಷ್ಟು ಸುಲಭವಾಗಿ ಕ್ಷಮೆ ಕೇಳುತ್ತಾನಪ್ಪಾ ಈ ಮನುಷ್ಯ ಎಂದು ನನಗೆ ಹೊಟ್ಟೆಕಿಚ್ಚಾಯಿತು.

“ಮಾಮ, ಹೀಗೆ ಒಬ್ಬರೇ ಹೋಗ್ಬೇಡಿ,” ಎಂದು ವತ್ಸಲಾ ಟವೆಲ್ ಕೊಟ್ಟಳು. “ಯಾಕೋ ಬಂದಾಗಿಂದ ಸಪ್ಪಗಿದ್ದೀರಿ.”

ಲೈಬ್ರರಿಗೆ ಕರೆದುಕೊಂಡು ಹೋಗು ಎಂದೆ.

ಲೈಬ್ರರಿ

ದೊಡ್ಡ ಲೈಬ್ರರಿ. ಯಾರೂ ನಮ್ಮ ಚೀಲ ಹೊರಗೆ ಇಡಿಸಲಿಲ್ಲ. ಸಂಗೀತಕ್ಕೇ ಬೇರೆ ಕೋಣೆ. ವತ್ಸಲಾ ಇಂಗ್ಲಿಷಿನಲ್ಲಿ ಕೇಳಿದಳು, ನಾನು ಹೊಳೆ ಸಾಹೇಬರ ನಿಜವಾದ ಹೆಸರು ಚೀಟಿಯಲ್ಲಿ ಬರೆದುಕೊಟ್ಟೆ. ಅಲ್ಲಿ ಕೆಲಸದಲ್ಲಿದ್ದ ನಡುವಯಸ್ಸಿನ ಹೆಂಗಸು ಪುಸ್ತಕವನ್ನೂ ಡಿಸ್ಕನ್ನೂ ತಂದು ನನ್ನ ಕಿವಿಗೆ ತಾನೇ ಹೆಡ್‌ಫೋನ್ ಹಾಕಿ ಹೋದಳು.

ಆ ಎರಡು ಮನೆಗಳಲ್ಲಿ ಏನಿತ್ತು ಎಂದು ನನಗೇ ಗೊತ್ತಿರಲಿಲ್ಲ. ಇಷ್ಟು ವರ್ಷ ಅದನ್ನು ಕೇಳುವ ಧೈರ್ಯ ಬಂದಿರಲಿಲ್ಲ. ಹುಡುಕಿದರೆ ಮೈಸೂರಲ್ಲೂ ಸಿಗುತ್ತಿತ್ತೇನೋ. ಪುಟ ತೆರೆದೆ. ಕೊನೆಯ ಹಾಳೆ ಬಂತು. ಬೆರಳಿಟ್ಟು ಕಾದೆ.

ಬಂದೇ ಹೋಯಿತು. ನಾಲ್ಕೈದು ಸೆಕೆಂಡು. ಬಹಳ ಸಾಧಾರಣ ಸ್ವರಗಳು, ಹಿಂದಿನ ಮಾತನ್ನು ಮುಂದಿನದಕ್ಕೆ ಜೋಡಿಸುವಂಥವು. ನಮ್ಮ ಮಾತಿನಲ್ಲಿ ‘ಆಮೇಲೆ’ ಇರುವುದಿಲ್ಲವೇ, ಹಾಗೆ. ಅಲ್ಲಿ ಯಾರೂ ಎದ್ದು ಹೋಗಿರಲಿಲ್ಲ. ಇಂಥ ಎರಡು ಬಾರ್‌ಗಳಿಗಾಗಿ ನಾನು ಗೌಸನ ಬಾಳು ಹಾಳುಮಾಡಿದ್ದೆ. ಮತ್ತೆ ಮತ್ತೆ ಹಿಂದಕ್ಕೆ ಹೋಗಿ ಹೋಗಿ ಕೇಳಿದೆ.

ಆ ಹೆಂಗಸು ಕಾಗದದ ಕರವಸ್ತ್ರದ ಡಬ್ಬಿಯನ್ನು ನನ್ನ ಕಡೆ ತಳ್ಳಿದಳು. ಅಲ್ಲಿ ಎಲ್ಲ ಮೇಜಿನ ಮೇಲೂ ಒಂದು ಡಬ್ಬಿ ಇಟ್ಟಿರುತ್ತಾರೆ. ಅಳುವುದಕ್ಕೂ ಏರ್ಪಾಡು ಮಾಡಿಕೊಂಡಿರುವ ಜನ.

ಮೀರಾ ಮೆಸಾ

ಮಾಧವ ಗುರುವಾರ ನನ್ನನ್ನು ಸ್ಯಾನ್ ಡಿಯಾಗೋಗೆ ಕಾರಿನಲ್ಲಿ ಕರೆದುಕೊಂಡು ಹೋದ. ಎರಡು ಗಂಟೆಯ ದಾರಿ. ಬಲಕ್ಕೆ ಸಮುದ್ರ, ಬೂದಿ ಬಣ್ಣ. ಮೈಸೂರು ಬೆಂಗಳೂರು ರಸ್ತೆಯಲ್ಲಾದರೆ ಮದ್ದೂರಿನಲ್ಲಿ ವಡೆಗೆ ಇಳಿಯದೆ ಯಾವ ಪ್ರಯಾಣವೂ ಪ್ರಯಾಣವಲ್ಲ. ಇಲ್ಲಿ ಇಳಿಯುವ ಮಾತೇ ಇಲ್ಲ. ಇಳಿದರೆ ಹಿಂದಿರುಗಬಹುದಿತ್ತು ಎಂದು ನನಗನ್ನಿಸುತ್ತಿತ್ತು.

“ಮಾವ, ಎಂತ ಹೆದರುದು ನೀವು? ನಾನುಂಟಲ್ಲ. ಸ್ಪೀಡ್ ಕಮ್ಮಿ ಮಾಡ್ಲಾ?” ಎಂದ ಮಾಧವ. ನನ್ನ ಕೈ ಬಾಗಿಲಿನ ಹಿಡಿ ಬಿಟ್ಟಿರಲಿಲ್ಲ.

ಮೀರಾ ಮೆಸಾ ಬಡಾವಣೆಯ ಅವರ ಮನೆಯ ಬಾಗಿಲಲ್ಲಿ ಗೌಸನ ಮಗಳು ನಸೀಮಾ ಕಾಯುತ್ತಿದ್ದಳು. ಟೊರ್ರಿ ಪೈನ್ಸ್ ಕಡೆಯ ಒಂದು ಲ್ಯಾಬಿನಲ್ಲಿ ಕೆಲಸ. “ಬನ್ನಿ ಅಂಕಲ್, ಅಬ್ಬಾ ಬೆಳಿಗ್ಗೆಯಿಂದ ಶೇವ್ ಮಾಡಿಸ್ಕೊಂಡು ಕೂತಿದ್ದಾರೆ,” ಎಂದಳು.

ಗೌಸ್ ಗಾಲಿಕುರ್ಚಿಯಲ್ಲಿದ್ದ. ಬಾಯಿ ಒಂದು ಪಕ್ಕಕ್ಕೆ ವಾಲಿತ್ತು. ಬಲಗೈ ಮಡಿಲಲ್ಲಿ ಬೇರೆ ಯಾರದೋ ಕೈಯ ಹಾಗೆ ಬಿದ್ದಿತ್ತು. “ಬಂದ್ಯೇನೋ ಶೀನಿ,” ಎಂದ. ಮಾತು ತೊದಲಿದರೂ ಗತ್ತು ಅದೇ. ನನ್ನ ಷರಟಿನ ಕಲೆ ನೋಡಿ, “ಇನ್ನೂ ಇಂಕು ಚೆಲ್ಕೊಳ್ಳೋದು ಬಿಟ್ಟಿಲ್ವಾ,” ಎಂದು ನಕ್ಕ. ಒಗೆದರೂ ಹೋಗದ ಕಲೆ ಅದು.

ಪಿಯಾನೋದ ಮೇಲೆ ನನ್ನ ನಕಲು ಇತ್ತು. ಹಳದಿ ತಿರುಗಿದ ಹಾಳೆ, ಅಂಚಿಗೆಲ್ಲ ಅಂಟುಪಟ್ಟಿ. ನನ್ನ ದುಂಡು ಅಕ್ಷರ. ಮೊಮ್ಮಗಳು ಸನಾ, ಹನ್ನೆರಡು ವರ್ಷದವಳು, ಒಂದು ಹೊಸ ಪುಸ್ತಕ ಎದೆಗವಚಿಕೊಂಡು ನಿಂತಿದ್ದಳು.

“ನುಡಿಸು ಬೇಟಿ. ಅಂಕಲ್ ಕೇಳ್ಲಿ,” ಎಂದ ಗೌಸ್.

“ವಿಚ್ ವರ್ಷನ್, ನಾನಾ?” ಎಂದು ತಾತನನ್ನು ಕೇಳಿದಳು.

“ವರ್ಷನ್ ಏನಮ್ಮಾ? ಒಂದೇ ಇರೋದು.”

ಹುಡುಗಿ ನುಡಿಸಿದಳು. ಆ ಜಾಗ ಬಂದಾಗ ಕೈ ಎತ್ತಿದಳು. ಗೌಸನ ಎಡಗೈಯೂ ಎದ್ದಿತು. ಕಣ್ಣು ಮುಚ್ಚಿತ್ತು. ಕೋಣೆಯಲ್ಲಿ ಫ್ರಿಜ್ಜಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಅಷ್ಟು ಚೆಂದದ ಮೌನವನ್ನು ನಾನು ಎಲ್ಲೂ ಕೇಳಿಲ್ಲ. ಅದೂ ನನ್ನ ಸೋಮಾರಿತನದ ಮೌನ.

“ಟೀಚರ್ ಸೇಸ್ ಇಟ್ಸ್ ಜಸ್ಟ್ ರಾಂಗ್,” ಎಂದು ಸನಾ ಅಳುವ ಧ್ವನಿಯಲ್ಲಿ ಅಮ್ಮನಿಗೆ ಹೇಳಿದಳು. ಎರಡು ತಿಂಗಳಿಂದ ಮನೆಯಲ್ಲಿ ಇದೇ ರಾಮಾಯಣ ಎಂದು ನಸೀಮಾ ಅಡಿಗೆಮನೆಯಲ್ಲಿ ಹೇಳಿದಳು. ಟೀಚರ ಮಾತು ಕೇಳಿದರೆ ನಾನಾ ಊಟ ಬಿಡುತ್ತಾರೆ, ನಾನಾ ಮಾತು ಕೇಳಿದರೆ ಟೀಚರು ನುಡಿಸಲು ಬಿಡುವುದಿಲ್ಲ. “ಅಂಕಲ್, ನೀವು ಏನು ಹೇಳ್ತೀರೋ ಅದೇ ಫೈನಲ್ ಅಂತ ಅಬ್ಬಾ ಒಪ್ಕೊಂಡಿದ್ದಾರೆ. ಪ್ಲೀಸ್, ಇರೋದು ಇದ್ದ ಹಾಗೆ ಹೇಳಿ.”

ಆ ಸಂಜೆ ಗೌಸ್ ತನ್ನ ತಟ್ಟೆಯ ಖೀಮಾ ಪಕ್ಕಕ್ಕಿಟ್ಟು, ನನಗೆ ಬೇರೆ ಪಾತ್ರೆಯಲ್ಲಿ ಬೇಳೆ ಮಾಡಿಸಿದ್ದಾಗಿ ಎರಡು ಸಲ ಹೇಳಿದ.

ಟೊರ್ರಿ ಪೈನ್ಸ್

ಶುಕ್ರವಾರ ಮಧ್ಯಾಹ್ನ ನಸೀಮಾ ನಮ್ಮಿಬ್ಬರನ್ನು ಟೊರ್ರಿ ಪೈನ್ಸ್‌ನ ಕಡಿದಾದ ಬಂಡೆಯ ಮೇಲೆ ಬಿಟ್ಟು ಪಕ್ಕದಲ್ಲೇ ಇದ್ದ ಲ್ಯಾಬಿಗೆ ಒಂದು ಗಂಟೆ ಹೋಗಿ ಬರುತ್ತೇನೆ ಎಂದಳು. ಬಾಗಿದ ಕುಳ್ಳು ಪೈನ್ ಮರಗಳು, ಕೆಳಗೆ ಸಮುದ್ರ. ಮೋಡ ಎಷ್ಟು ತಗ್ಗಿತ್ತೆಂದರೆ ನೀರು ಎಲ್ಲಿ ಮುಗಿಯುತ್ತದೆಂದು ಕಾಣುತ್ತಿರಲಿಲ್ಲ. ಅಮೆರಿಕದವರು ಅಂಥ ಚಳಿಯಲ್ಲೂ ಚಡ್ಡಿ ಹಾಕಿಕೊಂಡು ಓಡುತ್ತಿದ್ದರು. ಒಬ್ಬನಂತೂ ಓಡುತ್ತಲೇ ನಮಗೆ ಕೈ ಬೀಸಿದ. ನಾನು ಗೌಸನ ಕುರ್ಚಿಯ ಬ್ರೇಕು ಹಾಕಿದೆ. ಹಾಕಿದ್ದೇನೋ ಇಲ್ಲವೋ ಎಂದು ಮತ್ತೆ ಎರಡು ಸಲ ನೋಡಿದೆ.

“ನಾಳೆ ಟೀಚರ್‌ಗೆ ಏನ್ ಹೇಳ್ತೀಯ? ಒಂದ್ಸಲ ಹೇಳ್ನೋಡು,” ಎಂದ.

“ಗೌಸ್, ಅಲ್ಲಿ ತೂತಿತ್ತು.”

“ಏನು?”

“ಹಾಳೆಯಲ್ಲಿ ತೂತಿತ್ತು ಕಣೋ. ಹುಳ ತಿಂದಿತ್ತು. ಬೇವಿನ ಸೊಪ್ಪು ಹಾಕ್ಬೇಕಾದವನು ನಾನು, ಹಾಕಿರ್ಲಿಲ್ಲ. ಹೆದರಿಕೆಯಾಗಿ ಮೌನ ಅಂತ ಬರೆದೆ. ಅಲ್ಲಿ ಯಾರೂ ಎದ್ದು ಹೋಗಿಲ್ಲ.”

ಇಷ್ಟು ವರ್ಷ ದೊಡ್ಡ ಗುಡ್ಡವೆಂದುಕೊಂಡಿದ್ದ ಮಾತು ಹೇಳಿದರೆ ನಾಲ್ಕು ಸಾಲು. ಗೌಸ್ ಸಮುದ್ರದ ಕಡೆಯೇ ನೋಡುತ್ತಿದ್ದ. ಇನ್ನೂ ಮೂರು ಜನ ಓಡಿಹೋದರು.

“ಆ ಎರಡು ಬಾರಲ್ಲಿ ಏನಿದೆ? ಹಾಡು.”

ನಾನು ಹಾಡಿದೆ. ಸ್ವರ ತಪ್ಪಲಿಲ್ಲ.

“ಇಷ್ಟೇನಾ?”

“ಇಷ್ಟೇ.”

“ಇನ್ನೊಂದ್ಸಲ.”

ಮತ್ತೆ ಹಾಡಿದೆ. ಅವನ ಎಡಗೈ ಬೆರಳುಗಳು ಕುರ್ಚಿಯ ತೋಳಿನ ಮೇಲೆ ಆ ಸ್ವರಗಳನ್ನು ಒತ್ತಿ ನೋಡಿದವು. ಒಂದು ಹಂತದಲ್ಲಿ ನಿಂತವು.

“ಪರೀಕ್ಷೆ ದಿವಸ ನೀನು ನನ್ನ ಪಕ್ಕದಲ್ಲೇ ಇದ್ದೆ,” ಎಂದ. “ಪುಟ ತಿರುಗಿಸ್ತಿದ್ದೆ.”

“ಹೂಂ.”

“ಅವರು ಕೇಳ್ದಾಗ ನನ್ನ ಮುಖ ನೋಡ್ದೆ ನೀನು. ನಾನು ಅಂದ್ಕೊಂಡೆ, ನನ್ನ ದೋಸ್ತು ನನ್ನ ಧೈರ್ಯ ನೋಡಿ ಖುಷಿಪಡ್ತಿದ್ದಾನೆ ಅಂತ.”

ಕ್ಷಮಿಸು ಎಂದೆ. ಕೈಯನ್ನೂ ಹಿಡಿದೆ. ನಾನು ಹಿಡಿದದ್ದು ಅವನ ಬಲಗೈ, ಅದಕ್ಕೆ ಏನೂ ತಿಳಿಯುತ್ತಿರಲಿಲ್ಲ.

ಶನಿವಾರ

ಟೀಚರ ಮನೆಯ ಹಾಲಿನಲ್ಲಿ ಮಡಚುವ ಕುರ್ಚಿಗಳನ್ನು ಹಾಕಿದ್ದರು. ಅಪ್ಪಂದಿರು ವೀಡಿಯೋ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಮಕ್ಕಳ ಸಂಗೀತವನ್ನು ಒಂದೇ ಕಣ್ಣಲ್ಲಿ ಕೇಳುತ್ತಿದ್ದರು. ಯಾವ ಮಗು ಎಷ್ಟು ತಪ್ಪು ನುಡಿಸಿದರೂ ಒಂದೇ ಅಳತೆಯ ಚಪ್ಪಾಳೆ. ನಮ್ಮ ಮಾಸ್ಟರು ಒಂದು ಸ್ವರ ಜಾರಿದರೆ ಬೆತ್ತ ಎತ್ತುತ್ತಿದ್ದರು.

ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ ಗೌಸ್ ಮೊಮ್ಮಗಳಿಗೆ, “ಟೀಚರ್ ಹೇಳ್ದಂಗೇ ನುಡಿಸು,” ಎಂದಷ್ಟೇ ಹೇಳಿದ್ದ. ಹುಡುಗಿ ಹಿಗ್ಗಿ ಅವನ ಕೆನ್ನೆಗೆ ಮುತ್ತು ಕೊಟ್ಟಿದ್ದಳು. ನಸೀಮಾ ನನ್ನತ್ತ ನೋಡಿ ಕೈ ಮುಗಿದಿದ್ದಳು. ಆ ಮುಗಿದ ಕೈಗಳೆದುರು ನನಗೆ ತಲೆ ಎತ್ತಲಾಗಲಿಲ್ಲ.

ಸನಾ ಚೆನ್ನಾಗಿ ನುಡಿಸಿದಳು. ಕೊನೆಯ ಭಾಗ ಬಂತು. ಆ ಎರಡು ಬಾರುಗಳನ್ನು ಅವಳು ಕೈ ಎತ್ತದೆ ಸಲೀಸಾಗಿ ದಾಟಿದಳು. ಗೌಸನ ಎಡಗೈ ಈ ಸಲ ಏಳಲಿಲ್ಲ. ಮುಂದಿನ ಸಾಲಿನಿಂದ ಕತ್ತು ಹೊರಳಿಸಿ ನನ್ನನ್ನು ನೋಡಿದ. ಹಿಂದಿನ ಮಧ್ಯಾಹ್ನದಿಂದ ಮೊದಲ ಸಲ. ಆ ಸ್ವರಗಳು ಮುಗಿಯುವವರೆಗೆ ನೋಡಿದ, ಆಮೇಲೆ ಮುಖ ತಿರುಗಿಸಿಕೊಂಡ. ಎಲ್ಲರೂ ಚಪ್ಪಾಳೆ ತಟ್ಟಿದರು. ಅದೇ ಅಳತೆಯದು.

ಸಂಜೆ ನಾಲ್ಕಕ್ಕೆ ಮಾಧವ ನನ್ನನ್ನು ಕರೆದೊಯ್ಯಲು ಬಂದ. ನಾನು ಸನಾಗೆ ಎಂದು ತಂದಿದ್ದ ಕಟ್ಟನ್ನು, ಹೊಳೆ ಸಾಹೇಬರು ಬಾಲ್ಯದ ನೆನಪಿನಲ್ಲಿ ಬರೆದ ಪುಟ್ಟ ಪುಟ್ಟ ತುಣುಕುಗಳ ನಕಲನ್ನು, ಪಿಯಾನೋದ ಮೇಲಿಟ್ಟೆ. “ಇದ್ರಲ್ಲಿ ತೂತಿಲ್ಲ ತಾನೆ?” ಎಂದ ಗೌಸ್. ತಮಾಷೆಯೋ ಏನೋ ಎಂದು ನಗಲು ಹೋಗಿ ಅವನ ಮುಖ ನೋಡಿ ನಿಲ್ಲಿಸಿದೆ.

“ಪೆನ್ನಿದ್ಯಾ?” ಎಂದ.

ಇತ್ತು. ಅದೇ ಸೋರುವ ಪೆನ್ನು. ನಸೀಮಾಳಿಂದ ಹಳೆಯ ನಕಲನ್ನು ತರಿಸಿ ಊಟದ ಮೇಜಿನ ಮೇಲೆ ಹರಡಿಸಿದ. ಕೊನೆಯ ಹಾಳೆ. ನನ್ನ ಎರಡು ಮೌನದ ಗುರುತುಗಳ ಪಕ್ಕ ಅವನು ಆಗಿನ ಕಾಲದಲ್ಲೇ ಸೀಸದಕಡ್ಡಿಯಿಂದ ಉರ್ದುವಿನಲ್ಲಿ ಏನೋ ಬರೆದುಕೊಂಡಿದ್ದ. ನನಗೆ ಓದಲು ಬರುವುದಿಲ್ಲ. ಏನು ಎಂದು ಕೇಳುವ ಮುಖವೂ ನನಗಿರಲಿಲ್ಲ.

“ತುಂಬು,” ಎಂದ.

ಸನಾಳ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಕೂತೆ. ಮೌನದ ಗುರುತುಗಳನ್ನು ಹೊಡೆದು ಹಾಕಿ ಮೇಲೆ ಸ್ವರ ಬರೆಯತೊಡಗಿದೆ. ಆ ಹಾಳೆಯಲ್ಲಿ ಇಪ್ಪತ್ತರ ಕೈಯೂ ಅರವತ್ತೇಳರ ಕೈಯೂ ಒಟ್ಟಿಗೇ ಕೂತವು. ಎರಡು ಮನೆ ತುಂಬಲು ಹತ್ತು ನಿಮಿಷ ಹಿಡಿಯಿತು. ಗೌಸ್ ಒಂದೊಂದು ಸ್ವರವನ್ನೂ ಅಚ್ಚಿನ ಪುಸ್ತಕದೊಂದಿಗೆ ತಾಳೆ ನೋಡಿದ. ಬ್ಯಾಂಡಿನಲ್ಲಿ ನಕಲು ಹೀಗೆಯೇ ಒಪ್ಪಿಸುತ್ತಿದ್ದದ್ದು, ಒಬ್ಬ ಬರೆದದ್ದನ್ನು ಇನ್ನೊಬ್ಬ ತಾಳೆ ನೋಡಬೇಕು, ಆಮೇಲೆ ಊದಿ ಇಂಕು ಆರಿಸಬೇಕು. ಅವನು ಬಗ್ಗಿ ಊದಲು ನೋಡಿದ. ವಾಲಿದ ಬಾಯಿಂದ ಉಸಿರು ಪಕ್ಕಕ್ಕೆ ಹೋಯಿತು.

“ನೀನೇ ಊದು.”

ಊದಿದೆ.

“ಆರಿತಾ?”

ಬೆರಳಿಟ್ಟು ನೋಡಿದೆ. “ಆರಿದೆ.”

“ಹಂಗಾದ್ರೆ ನಕಲು ಮುಗೀತು,” ಎಂದ. ಹಾಳೆಯನ್ನು ಎಡಗೈಯಿಂದ ತನ್ನ ಕಡೆ ಎಳೆದುಕೊಂಡ. “ಇನ್ನು ನೀನು ಬರಬೇಡ ಶೀನಿ. ಕಾಗದಾನೂ ಬರೀಬೇಡ.”

ನಾನು ಪೆನ್ನಿಗೆ ಮುಚ್ಚಳ ಹಾಕಿ ಎದ್ದೆ. ಹೊರಗೆ ಮಾಧವ ಕಾರು ಸ್ಟಾರ್ಟ್ ಮಾಡಿಕೊಂಡು ಕಾಯುತ್ತಿದ್ದ.